ಹರಳೆಣ್ಣೆ ಕುಡಿದ ಬಂದೂಕು

ನಮ್ಮೂರಿನ ಮೇಲೆ ವಿಮಾನಗಳಿಗಿಂತ ಗಿಳಿಗಳೇ ಹೆಚ್ಚು ಹಾರುತ್ತಿದ್ದ ಕಾಲ ಅದು. ಬೆಳಗ್ಗೆ ಆರಕ್ಕೆಲ್ಲ ನಲ್ಲೂರಿನ ಹುಣಸೆ ತೋಪಿನ ಕಡೆಯಿಂದ ಹಿಂಡು ಕಟ್ಟಿಕೊಂಡು ಬಂದು ನಮ್ಮ ಸೀಬೆ ತೋಟಕ್ಕೆ ಇಳಿಯುತ್ತಿದ್ದವು. ಒಂದೊಂದು ಹಣ್ಣಿಗೂ ಒಂದೊಂದು ಕಚ್ಚು. ಪೂರ್ತಿ ತಿನ್ನುವ ಮರ್ಯಾದೆಯೂ ಅವಕ್ಕಿರಲಿಲ್ಲ. ತೋಟಕ್ಕೆ ಕಾಲಿಟ್ಟರೆ ಬಿದ್ದು ಕೊಳೆತ ಸೀಬೆಯ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಗಡು ಬಡಿದೆವು, ಹಳೇ ಕ್ಯಾಸೆಟ್ಟಿನ ಟೇಪು ಕಟ್ಟಿದೆವು, ಅಪ್ಪನ ಫ್ಯಾಕ್ಟರಿ ಶರ್ಟು ತೊಡಿಸಿ ಬೆದರುಬೊಂಬೆ ನಿಲ್ಲಿಸಿದೆವು. ಗಿಳಿಗಳು ಬೊಂಬೆಯ ತಲೆ ಮೇಲೆ ಕೂತು ಸೀಬೆ ತಿಂದವು.

ಅಪ್ಪ ಬಾಶೆಟ್ಟಿಹಳ್ಳಿಯಲ್ಲಿ ಶಿಫ್ಟು ಕೆಲಸಕ್ಕೆ ಹೋಗುತ್ತಿದ್ದುದರಿಂದ ತೋಟದ ಯಜಮಾನಿಕೆ ಚಿಕ್ಕಪ್ಪನದು. ಏರ್ ಗನ್ ತರೋಣ ಅಂದವನೂ ಅವನೇ. ಗಿಳಿ ಬರೀ ನೆಪ. ಅವನ ಕಣ್ಣಿದ್ದದ್ದು ಬೇಲಿ ಸಾಲಿನಲ್ಲಿ ಓಡಾಡುವ ಕೌಜುಗದ ಮೇಲೆ. ಕೌಜುಗದ ಸಾರು ಅಂದರೆ ಸಾಕು, ಚಿಕ್ಕಪ್ಪನ ಬಾಯಲ್ಲಿ ನೀರು ಬಂದು ಮಾತೇ ತೊದಲುತ್ತಿತ್ತು.

ನನಗೂ ಬಂದೂಕು ಬೇಕಿತ್ತು, ಬೇರೆ ಕಾರಣಕ್ಕೆ. ಆಗ ನನಗೆ ಹನ್ನೆರಡು. ಗೋಲಿಯಾಟದಲ್ಲಿ ಊರಿನ ಗಂಡುಹುಡುಗರ ಜೇಬನ್ನೆಲ್ಲ ಖಾಲಿ ಮಾಡಿದವಳು. ದೊಡ್ಡಬಳ್ಳಾಪುರದ ಸಂತೆಯಲ್ಲಿ ಬಲೂನು ಹೊಡೆಸುವವನು ನನ್ನನ್ನು ಕಂಡರೆ 'ಇವತ್ತು ಬಂದೂಕು ಕೆಟ್ಟೋಗಿದೆ ಕಣಮ್ಮ' ಅನ್ನುತ್ತಿದ್ದ. ಗುರಿ ಇಟ್ಟು ಉಸಿರು ಬಿಗಿ ಹಿಡಿದಾಗ ಸುತ್ತಲಿನ ಗಲಾಟೆಯೆಲ್ಲ ದೂರ ಹೋಗುತ್ತದಲ್ಲ, ನನಗೆ ಬೇಕಿದ್ದದ್ದು ಅದು.

ಅಡ್ಡ ಬಂದವಳು ಅಜ್ಜಿ. ಮಗನಿಗೆ ಹೇಳಿ ಸೋತಳು. ಕೊನೆಗೆ ನನ್ನನ್ನು ಹಿತ್ತಿಲಿಗೆ ಕರೆದಳು.

"ಅವನಂತೂ ಕೇಳಾಕಿಲ್ಲ. ನೀನಾದ್ರೂ ಮಾತು ಕೊಡು ಮಗಾ. ನನ್ನ ತಲೆ ಮೇಲೆ ಕೈ ಇಡು."

ಇಟ್ಟೆ. ಹರಳೆಣ್ಣೆ ಹಚ್ಚಿದ ತಲೆ, ಬಿಸಿಲಿಗೆ ಬೆಚ್ಚಗಿತ್ತು.

"ಡಬ್ಬಕ್ಕೆ ಹೊಡಿ, ಕಲ್ಲಿಗೆ ಹೊಡಿ, ಬ್ಯಾಡ ಅನ್ನಾಕಿಲ್ಲ. ಉಸಿರಾಡೋ ಯಾವುದ್ಕೂ ಗುರಿ ಇಡಲ್ಲ ಅನ್ನು."

"ಇಡಲ್ಲ ಅಜ್ಜಿ."

ಹಾಗೆ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಕೇಡು ಮುಟ್ಟಿಸಿಕೊಂಡವರ ತಲೆಗೇ ಬರುತ್ತದೆ ಅನ್ನುವುದು ನಮ್ಮ ಕಡೆ ಹಾಲು ಕುಡಿಯೋ ಮಗುವಿಗೂ ಗೊತ್ತು. ಹೊಡೆಯೋದು ಡಬ್ಬಕ್ಕೆ ತಾನೇ ಅಂತ ನಾನು ನಿಶ್ಚಿಂತೆಯಿಂದ ಮಾತು ಕೊಟ್ಟೆ.

ಬಂದೂಕು ತರಲು ಬೆಂಗಳೂರಿಗೆ ಹೋದದ್ದು ನಾನು, ಚಿಕ್ಕಪ್ಪ ಇಬ್ಬರೇ. ಪೇಟೆಯ ಒಂದು ಗಲ್ಲಿಯ ಸಣ್ಣ ಅಂಗಡಿ. ವಯಸ್ಸಾದ ಅಂಗಡಿಯವರು ಕನ್ನಡಕ ಏರಿಸಿ ಕೇಳಿದರು: "ಗುರಿ ಕಲಿಯೋಕಾ, ಶಿಕಾರಿಗಾ?"

"ಎರಡಕ್ಕೂ ಆಗ್ಬೇಕು ಗುರುಗಳೇ," ಅಂದ ಚಿಕ್ಕಪ್ಪ.

"ಎರಡಕ್ಕೂ ಅಂತ ಹೋದ್ರೆ ಒಂದಕ್ಕೂ ಸರಿಯಾಗಿ ಆಗಲ್ಲ ಸ್ವಾಮಿ," ಅಂತ ಅವರು ಎರಡು ಬಂದೂಕು ತೆಗೆದು ಮೇಜಿನ ಮೇಲಿಟ್ಟರು. ಒಂದು ಹಗುರ, ನುಣುಪು ಮರದ ಹಿಡಿ. ಇನ್ನೊಂದು ಒನಕೆಯಷ್ಟು ಭಾರ, ಗಟ್ಟಿ ಸ್ಪ್ರಿಂಗು. ಅಂಗಡಿಯ ಹಿಂದಿನ ಓಣಿಯಲ್ಲಿ ಹಲಗೆಗೆ ಕಾಗದ ಅಂಟಿಸಿ ನನ್ನ ಕೈಗೆ ಹಗುರದ್ದನ್ನು ಕೊಟ್ಟರು. ನಳಿಗೆ ಬಗ್ಗಿಸಿ ಸ್ಪ್ರಿಂಗು ಎಳೆಯುವುದು ನನ್ನ ಕೈಯಲ್ಲೇ ಆಯಿತು. ಐದು ಗುಂಡೂ ಒಂದು ರೂಪಾಯಿ ನಾಣ್ಯದಷ್ಟು ಜಾಗದೊಳಗೆ ಕೂತವು. ಅವರು ಕಾಗದ ಕಿತ್ತು ನೋಡಿ, "ಈ ಹುಡುಗಿಗೆ ಇದನ್ನೇ ಕೊಡ್ಸಿ. ಕೈ ಒಳ್ಳೇದಿದೆ," ಅಂದರು. ನನ್ನ ಜನ್ಮದಲ್ಲಿ ಅಷ್ಟು ಹಿಗ್ಗಿದ್ದು ಅದೇ ಮೊದಲು.

ಚಿಕ್ಕಪ್ಪ ಎರಡನ್ನೂ ಎರಡು ಕೈಯಲ್ಲಿ ಎತ್ತಿ, ಸಂತೆಯಲ್ಲಿ ಹುಂಜ ತೂಗುವವನಂತೆ ತೂಗಿದ. "ತೂಕ ಇದ್ರೇನೇ ಮಾಲು ಕಣೇ ಪುಟ್ಟಿ. ಇದು ಕಡ್ಡಿ ಇದ್ದಂಗಿದೆ." ಭಾರದ್ದೇ ಬಂತು. ಅದರ ನಳಿಗೆ ಬಗ್ಗಿಸಲು ನಾನು ಜೋತುಬಿದ್ದರೂ ಆಗಲಿಲ್ಲ. "ನಾನಿಲ್ವಾ, ಬಗ್ಗಿಸಿಕೊಡ್ತೀನಿ ಬಿಡು," ಅಂದ. ಕಟ್ಟಿಕೊಡುವಾಗ ಅಂಗಡಿಯವರು ನನ್ನ ಮುಖ ನೋಡಿ, "ಹೊರಗಡೆ ಬಟ್ಟೇಲಿ ಒರೆಸಿದ್ರೆ ಸಾಕಮ್ಮ. ಒಳಗೆ ಏನೂ ಹಾಕೋಕೆ ಹೋಗ್ಬೇಡಿ," ಅಂದರು. ಯಾಕೆ ಅಂತ ಅವರು ಹೇಳಲಿಲ್ಲ, ಅಳು ನುಂಗುತ್ತಿದ್ದ ನಾನೂ ಕೇಳಲಿಲ್ಲ.

ಆದರೂ ಆ ಒಂದು ತಿಂಗಳು ಸುಖವಾಗಿದ್ದೆ ಅನ್ನಬೇಕು. ಬದುವಿನ ಕಲ್ಲಿನ ಮೇಲೆ ಪೇಂಟಿನ ಡಬ್ಬ, ಹಿಂದೆ ಲಂಟಾನದ ಬೇಲಿ. ಚಿಕ್ಕಪ್ಪ ಬಗ್ಗಿಸಿಕೊಡುವುದು, ನಾನು ಹೊಡೆಯುವುದು. ಗುಂಡು ಡಬ್ಬದ ಮುಂದಿನ ತಗಡು ತೂರಿ ಒಳಗೇ ಬೀಳುತ್ತಿತ್ತು. ಸಂಜೆ ಡಬ್ಬ ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಎಷ್ಟು ಹೊಡೆದೆ ಅನ್ನುವ ಲೆಕ್ಕ ಅದೇ. ಚಿಕ್ಕಪ್ಪನಿಗೆ ಮಾತ್ರ ಒಂದು ಕೌಜುಗವೂ ಸಿಗಲಿಲ್ಲ. ಅವನು ಬಂದೂಕು ಎತ್ತುವ ಹೊತ್ತಿಗೆ ಅವು ಆವತಿ ಬೆಟ್ಟ ದಾಟಿರುತ್ತಿದ್ದವು.

ಆಯುಧಪೂಜೆ ಬಂತು. ಕುಡಗೋಲು, ಗುದ್ದಲಿ, ಪಂಪ್‌ಸೆಟ್ಟಿನ ಸ್ಪ್ಯಾನರು, ಅಪ್ಪನ ಬೈಕು, ಎಲ್ಲದರ ಪಕ್ಕ ಬಂದೂಕನ್ನೂ ಇಟ್ಟೆವು. ಬೂದಗುಂಬಳದ ಹಸಿ ವಾಸನೆ, ಸೇವಂತಿಗೆ, ಪುರಿ. ಅಜ್ಜಿಗೆ ಬಂದೂಕು ಬೇಡವಾಗಿತ್ತು ನಿಜ. ಆದರೆ ಮನೆಗೆ ಬಂದ ಮೇಲೆ ಅದೂ ಮನೆಯ ಆಯುಧವೇ, ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಡುವ ಹಾಗಿಲ್ಲ. ಕುಡಗೋಲಿಗೆ ಹರಳೆಣ್ಣೆ ಸವರಿದಳು, ಬಾಗಿಲ ತಿರುಗಣಿಗೆ ಬಿಟ್ಟಳು. ಮಗುವಿನ ಹೊಟ್ಟೆನೋವಿನಿಂದ ಹಿಡಿದು ಗಾಡಿ ಅಚ್ಚಿನವರೆಗೂ ಅವಳಿಗೆ ಮದ್ದು ಅದೊಂದೇ. ಬಂದೂಕಿನ ಸರದಿ ಬಂದಾಗ, "ಇದ್ರ ಬಾಯಿ ತೆಗಿಯೋ," ಅಂದಳು. ಚಿಕ್ಕಪ್ಪ ನಳಿಗೆ ಬಗ್ಗಿಸಿ ಹಿಡಿದ. ಒಳಗಿನ ಸಣ್ಣ ತೂತಿಗೆ ಅಜ್ಜಿ ಒಂದು ಚಮಚ ಹರಳೆಣ್ಣೆ ಬಿಟ್ಟಳು.

"ಒಣಗೋಗೈತೆ ಪಾಪ. ಕುಡೀಲಿ."

ಅಂಗಡಿಯವರ ಮಾತು ನನಗೆ ನೆನಪಿಗೆ ಬಂತು. ಆದರೆ ಪೂಜೆಯ ದಿನ, ಕೈಯಲ್ಲಿ ಎಣ್ಣೆ ಹಿಡಿದು ನಿಂತ ಅಜ್ಜಿಗೆ ಬೇಡ ಅನ್ನುವುದು ಹೇಗೆ? ಎಲ್ಲರ ಜೊತೆ ನಾನೂ ನಕ್ಕೆ.

ಮಾರನೆಯ ಬೆಳಗ್ಗೆ ಮೊದಲ ಗುಂಡು ನನ್ನದೇ ಅಂತ ಚಿಕ್ಕಪ್ಪ ಬಗ್ಗಿಸಿಕೊಟ್ಟ. ಅದೇ ಕಲ್ಲು, ಅದೇ ಡಬ್ಬ. ಗುರಿ ಇಟ್ಟು ಒತ್ತಿದೆ. ದಿನವೂ 'ಟಪ್' ಅನ್ನುತ್ತಿದ್ದದ್ದು ಅವತ್ತು ಢಂ ಅಂದುಬಿಟ್ಟಿತು. ನಳಿಗೆಯ ಬಾಯಿಂದ ಹೊಗೆ, ಸೀದ ಎಣ್ಣೆಯ ವಾಸನೆ. ಕಿವಿ ಗುಂಯ್ ಅಂತಿತ್ತು.

"ಪೂಜೆ ಶಕ್ತಿ ನೋಡ್ದಾ!" ಅಂತ ಚಿಕ್ಕಪ್ಪ ಕುಣಿದ.

ಅಷ್ಟರಲ್ಲಿ ಡಬ್ಬದ ಹಿಂದೆ ಬೇಲಿಯಲ್ಲಿ ಪಟಪಟ ಸದ್ದು. ಓಡಿಹೋಗಿ ನೋಡಿದರೆ ಕೌಜುಗ. ಹೆಣ್ಣು. ಎದೆಯಲ್ಲಿ ರಕ್ತ. ಎತ್ತಿಕೊಂಡೆ. ಅಂಗೈಯಲ್ಲಿ ಅದರ ಗುಂಡಿಗೆ ಹೊಡೆದುಕೊಳ್ಳುತ್ತಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ಏನು ಮಾಡಬೇಕೋ ಗೊತ್ತಾಗಲಿಲ್ಲ. ಊದಿದೆ, ಬಾಯಿಗೆ ನೀರು ಬಿಟ್ಟೆ. ನನ್ನ ಕೈಯಲ್ಲೇ ತಣ್ಣಗಾಯಿತು. ಕಾಲ ಬಳಿ ನಾಲ್ಕೈದು ಮರಿಗಳು ಚಿಂವ್ ಚಿಂವ್ ಅನ್ನುತ್ತ ದಿಕ್ಕೆಟ್ಟು ಓಡಾಡುತ್ತಿದ್ದವು.

ಸದ್ದು ಕೇಳಿ ಅಜ್ಜಿ ಬಂದಳು. ಚಿಕ್ಕಪ್ಪ ನನ್ನ ಕೈಯಿಂದ ಕಿತ್ತುಕೊಂಡು ಎತ್ತಿ ತೋರಿಸಿದ. "ನೋಡವ್ವ, ಒಂದೇ ಏಟಿಗೆ! ತಿಂಗಳಿಂದ ನನ್ ಕೈಲಾಗ್ದಿದ್ದು ನಿನ್ ಮೊಮ್ಮಗಳು ಮಾಡವ್ಳೆ."

"ನಾನು ಡಬ್ಬಕ್ಕೆ ಇಟ್ಟಿದ್ದು ಅಜ್ಜಿ! ಡಬ್ಬದಿಂದ ಆಚೆಗೆ ಬಂದ್ಬಿಟ್ಟಿದೆ. ನೋಡು, ಹಿಂದೆ ತೂತಾಗಿದೆ!"

"ಆ ಡಬ್ಬ ಯಾವತ್ತಾದ್ರೂ ಆಚೆಗೂ ತೂತಾಗಿತ್ತಾ? ಸುಮ್ನಿರು, ನಾಚ್ಕೋಬ್ಯಾಡ," ಅಂತ ಚಿಕ್ಕಪ್ಪ ನನ್ನ ಬೆನ್ನು ತಟ್ಟಿದ. ಅವನಿಗೆ ಅದು ನಿಜವಾಗಿಯೂ ಹೆಮ್ಮೆ. ಅವನನ್ನು ಕೊಂದುಬಿಡಬೇಕು ಅನಿಸಿತು.

ಡಬ್ಬ ಹಿಡಿದು ಅಜ್ಜಿಯ ಮುಂದೆ ನಿಂತೆ. ಅವಳು ಡಬ್ಬ ನೋಡಲಿಲ್ಲ, ನನ್ನನ್ನು ನೋಡಿದಳು. ಅವಳ ಕೈ ತಾನಾಗಿ ತನ್ನ ತಲೆಗೆ ಹೋಯಿತು. "ಹೋಗ್ಲಿ ಬಿಡು ಮಗಾ," ಅಂದಳು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಮರಿಗಳಲ್ಲಿ ಎರಡು ಸಿಕ್ಕವು. ಚಪ್ಪಲಿ ಡಬ್ಬಿಯಲ್ಲಿ ಹತ್ತಿ ಹಾಸಿ ರಾಗಿ ಇಟ್ಟೆ. ಮೂರನೇ ದಿನಕ್ಕೆ ಎರಡೂ ಹೋದವು. ಚಿಕ್ಕಪ್ಪ ಸಾರು ಮಾಡಿಸಿ ಊರೆಲ್ಲ ನನ್ನ ಗುರಿಯ ಗುಣಗಾನ ಮಾಡಿದ. ಅಜ್ಜಿ ಎಂದಿನಂತೆ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಆದರೆ ಜಡೆ ಮುಗಿಸಿ ತಲೆ ಸವರಿ "ನೂರು ವರ್ಷ ಬಾಳು" ಅನ್ನುತ್ತಿದ್ದಳಲ್ಲ, ಅದು ನಿಂತುಹೋಯಿತು. ನಾನು ಮತ್ತೆ ಬಂದೂಕು ಮುಟ್ಟಲಿಲ್ಲ.

ಮೂರು ವರ್ಷದ ಮೇಲೆ ಅದರ ಸ್ಪ್ರಿಂಗು ಮುರಿದು, ಚಿಕ್ಕಪ್ಪನ ಜೊತೆ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಬಿಚ್ಚಿ ಮೂಸಿ ನೋಡಿದರು. "ಯಾರ್ರೀ ಇದಕ್ಕೆ ಎಣ್ಣೆ ಕುಡಿಸಿದ್ದು? ಒಳಗೆ ಎಣ್ಣೆ ಬಿದ್ರೆ, ಗಾಳಿ ಒತ್ತಿದ ಬಿಸಿಗೆ ಹತ್ಕೊಂಡು ಸಿಡಿಯುತ್ತೆ. ಗುಂಡು ಸಿಕ್ಕಾಪಟ್ಟೆ ಜೋರಾಗಿ ಹೋಗ್ಬಿಡುತ್ತೆ. ಅವತ್ತೇ ಹೇಳಿದ್ನಲ್ಲ." ಚಿಕ್ಕಪ್ಪ ಆಚೆ ಟೀ ಕುಡಿಯುತ್ತಿದ್ದ. ಕೇಳಿಸಿಕೊಂಡವಳು ನಾನೊಬ್ಬಳೇ.

ಬಸ್ಸಿನುದ್ದಕ್ಕೂ ಅಜ್ಜಿಗೆ ಹೇಳುವ ಮಾತು ಜೋಡಿಸಿಕೊಂಡೆ. ನಾನು ಆಣೆ ಮುರಿದಿಲ್ಲ, ಸಾಕ್ಷಿ ಸಿಕ್ಕಿದೆ. ಮನೆಗೆ ಬಂದರೆ ಅಜ್ಜಿ ಜಗುಲಿಯಲ್ಲಿ ಎಣ್ಣೆ ಬಟ್ಟಲು ಹಿಡಿದು ನನ್ನ ತಲೆಗೆ ಕಾಯುತ್ತ ಕೂತಿದ್ದಳು. ನಾನು ಹೇಳಿದರೆ ಆ ಕೌಜುಗ, ಆ ಮರಿಗಳ ಸಾವೆಲ್ಲ ಅವಳ ಕೈಗೆ ಹತ್ತುತ್ತದೆ ಅಂತ ಆಗ ಹೊಳೆಯಿತು. ಬೆನ್ನು ತಿರುಗಿಸಿ ಅವಳ ಮುಂದೆ ಕೂತೆ.

ಈಗ ಆ ಸೀಬೆ ತೋಟ ಸೈಟುಗಳಾಗಿದೆ. ಗಿಳಿಗಳಿಗೆ ಇಳಿಯಲು ಜಾಗವಿಲ್ಲ. ಕೌಜುಗದ ಕೂಗು ಕೇಳಿ ಎಷ್ಟು ವರ್ಷವಾಯಿತೋ. ಬಂದೂಕು ಚಿಕ್ಕಪ್ಪನ ಅಟ್ಟದಲ್ಲಿ ತುಕ್ಕು ಹಿಡಿದಿದೆ. ಹರಳೆಣ್ಣೆ ಅಂಗಡಿಯಿಂದ ಬಾಟಲಿಯಲ್ಲಿ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಇವೆಲ್ಲ ಹೋದದ್ದಕ್ಕೆ ಊರವರ ಜೊತೆ ಕೂತು ನಾನೂ ನಿಟ್ಟುಸಿರು ಬಿಡುತ್ತೇನೆ. ನಾನೊಬ್ಬಳೇ ಕಳೆದುಕೊಂಡದ್ದು ಬೇರೆಯದು.

ಅಜ್ಜಿ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನ ಕೈಯನ್ನು ತಾನೇ ಎಳೆದು ತಲೆ ಮೇಲೆ ಇಟ್ಟುಕೊಂಡಳು. "ಆ ಆಣೇನ ನಾನು ಯಾವತ್ತೋ ಬಿಟ್ಬಿಟ್ಟೆ ಕಣವ್ವ. ನಂಗೆ ವಯಸ್ಸಾಯ್ತು, ಅಷ್ಟೇಯ. ನಿನ್ನಿಂದ ಆಯ್ತು ಅಂತ ಕೊರಗಬ್ಯಾಡ. ಚಿಕ್ಕ ಹುಡುಗಿ, ಆಸೆಗೆ ಹೊಡ್ದೆ."

"ತಪ್ಪಾಯ್ತಜ್ಜಿ," ಅಂದೆ.

ಅವಳು ನನ್ನ ತಲೆ ಸವರಿ, "ನೂರು ವರ್ಷ ಬಾಳು," ಅಂದಳು.