ಹಿಂದಿನ ಸೀಟಿನ ಯೋಜನೆ

ನಾವು ಹಾನಗಲ್ಲಿಗೆ ಬಂದದ್ದು ಮಳೆ ಹಿಂದೆ ಸರಿಯುವ ಹೊತ್ತಿಗೆ. ಗಂಡನಿಗೆ ಇಲ್ಲಿಯ ಕಚೇರಿಗೆ ವರ್ಗವಾಗಿತ್ತು. ನನಗೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ದಸರಾ ರಜೆ ಮುಗಿದ ಮೇಲೆ ಸೇರಬೇಕಿತ್ತು. ಮೂರು ವರ್ಷ ತುಂಬದ ಮಗಳನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆಯೊಂದು ಉಳಿದಿತ್ತು. ಅದಕ್ಕೂ ಉತ್ತರವಿತ್ತು: ಕೆಳಗಿನ ಮನೆಯಲ್ಲಿದ್ದ ಮನೆಯೊಡತಿ.

"ಬಿಟ್ಟ ಹೋಗ್ರಿ, ನಾ ನೋಡ್ಕೋತೇನಿ. ಮೊಮ್ಮಕ್ಕಳನ್ನೆಲ್ಲಾ ನಾನ ಜ್ವಾಪಾನ ಮಾಡೇನಿ" ಎಂದಿದ್ದರು ಅವರು.

ಮಗಳು ಒಪ್ಪಲಿಲ್ಲ. ಅವರ ಹೊಸ್ತಿಲು ದಾಟಿಸಿದರೆ ಸಾಕು, ಓಣಿಯ ಕೊನೆಯವರೆಗೂ ಕೇಳುವಂತೆ ಅಳುತ್ತಿದ್ದಳು. ಎದುರು ಮನೆಯವರು ಬಂದು ಮಗುವಿಗೆ ಏನಾಯಿತೆಂದು ವಿಚಾರಿಸಿದರು. ಏನೂ ಆಗಿರಲಿಲ್ಲ. ಕೆಲಸ ಬೇಡವೆಂದು ಕಾಲೇಜಿಗೆ ತಿಳಿಸುವ ವಾಕ್ಯವನ್ನು ನಾನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡೆ. ಮಗಳು ಹುಟ್ಟಿದಾಗ ಹಿಂದಿನ ಊರಿನಲ್ಲಿ ಅಂಥದೇ ವಾಕ್ಯವನ್ನು ಒಮ್ಮೆ ಬಳಸಿದ್ದೆ. ಎರಡನೆಯ ಸಲ ಬಳಸುವ ಇಷ್ಟವಿರಲಿಲ್ಲ.

ಗಂಡ ಒಂದು ಯೋಜನೆ ಹಾಕಿದ. ರವಿವಾರಗಳಲ್ಲಿ ಸುತ್ತಲಿನ ಊರುಗಳಿಗೆ ಹೋಗೋಣ, ಮನೆಯೊಡತಿಯನ್ನೂ ಕರೆದೊಯ್ಯೋಣ, ಕಾರಿನ ಹಿಂದಿನ ಸೀಟಿನಲ್ಲಿ ಅವರಿಬ್ಬರನ್ನೂ ಜೊತೆಗೆ ಕೂರಿಸೋಣ. ಬೇರೆ ದಾರಿಯಿಲ್ಲದೆ ಸ್ನೇಹವಾಗುತ್ತದೆ. ನಮ್ಮ ಮದುವೆಯೂ ಹೆಚ್ಚುಕಡಿಮೆ ಇದೇ ತತ್ವದ ಮೇಲೆ ನಡೆದಿತ್ತು, ಆದ್ದರಿಂದ ನಾನು ವಿರೋಧಿಸಲಿಲ್ಲ.

ಮೊದಲು ಗೊಟಗೋಡಿಯ ರಾಕ್ ಗಾರ್ಡನ್‌ಗೆ ಹೋದೆವು. ದಾರಿಯುದ್ದಕ್ಕೂ ಮಗಳು ಮುಂದಿನ ಸೀಟಿನಲ್ಲಿ ನನ್ನ ತೊಡೆ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಮನೆಯೊಡತಿ ಮತ್ತು ಅವರ ಚೀಲ ಆರಾಮವಾಗಿ ಬಂದರು. ಅಲ್ಲಿ ರೊಟ್ಟಿ ಬಡಿಯುವ ಹೆಂಗಸು, ಹಾಲು ಹಿಂಡುವ ಹೆಂಗಸು, ಕಟ್ಟೆಯ ಮೇಲೆ ಹರಟುವ ಗಂಡಸರು, ಎಲ್ಲರೂ ಸಿಮೆಂಟಿನವರು, ಎಲ್ಲರೂ ಆಳೆತ್ತರ.

"ಇದನ್ನ ನೋಡಾಕ ರೊಕ್ಕಾ ಕೊಟ್ರ್ಯಾ?" ಮನೆಯೊಡತಿ ಕೇಳಿದರು. "ನಮ್ಮ ತವರಮನಿಗೆ ಬಂದಿದ್ರ ಪುಕ್ಕಟ ತೋರಸ್ತಿದ್ನಿ. ಮ್ಯಾಲ ಚಾನೂ ಕೊಡ್ತಿದ್ವಿ."

ಮಗಳು ರೊಟ್ಟಿ ಬಡಿಯುವವಳ ಪಕ್ಕ ಕುಳಿತು, ಅವಳ ಮೊಣಕಾಲಿನ ಮೇಲೆ ಕೈಯಿಟ್ಟು, ನಮ್ಮ ಮನೆಯ ಸುದ್ದಿಯನ್ನೆಲ್ಲ ಹೇಳಿದಳು. ಕೆಲವು ಸುದ್ದಿಗಳು ಹೊರಗೆ ಹೋಗಬಾರದಂಥವು. ಮನೆಯೊಡತಿ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೋಡ್ರಿ, ಸಿಮಿಟಿನ ಹೆಂಗಸಿನ ಸಂಗಾಟ ಎಷ್ಟ ಚಂದ ಮಾತಾಡಾಕತ್ತಾಳ. ನಾ ಉಸಿರಾಡೋದ ಆಕಿಗೆ ಸೇರವಲ್ದು ಕಾಣತೈತಿ."

ಸವಣೂರಿನಲ್ಲೂ ಫಲ ಸಿಗಲಿಲ್ಲ. ಅಲ್ಲಿಯವರು ದೊಡ್ಡ ಹುಣಸೆ ಎಂದು ಕರೆಯುವ ಬಾವೋಬಾಬ್ ಮರಗಳನ್ನು ಕೈಗೆ ಕೈ ಹಿಡಿದು ಸುತ್ತುವರಿಯಬೇಕೆಂದು ಗಂಡ ಸೂಚಿಸಿದ. ಮಗಳು ಮನೆಯೊಡತಿಯ ಕೈ ಹಿಡಿಯಲೊಲ್ಲೆನೆಂದು ಎರಡೂ ಕೈಗಳನ್ನು ಫ್ರಾಕಿನೊಳಗೆ ಇಟ್ಟುಕೊಂಡಳು. ಊರಿನ ಹೆಸರಾಂತ ಕುರುಕಲು ಖಾರ ಕೊಳ್ಳಲು ಹೋದ ಅಂಗಡಿಯಲ್ಲಿ ಮಾತ್ರ, ಬಿಳಿ ಟೊಪ್ಪಿಗೆಯ ಮುದುಕರು ಕೈಚಾಚಿದ್ದೇ ತಡ, ಅವರ ಗಲ್ಲಾಪೆಟ್ಟಿಗೆಯ ಮೇಲೆ ಹತ್ತಿ ಕುಳಿತಳು.

"ಕ್ಯಾ ಬೇಟಿ, ನಮ್ಮ ಅಂಗಡ್ಯಾಗ ಇದ್ದು ಬಿಡ್ತಿಯೇನು?" ಎಂದರು ಅವರು. ಮಗಳು ಹೌದೆಂದು ತಲೆಯಾಡಿಸಿದಳು.

"ಇಟ್ಕೋರಿ ಚಾಚಾ" ಎಂದರು ಮನೆಯೊಡತಿ. "ಇವರಿಗೂ ಬಿಡಾಕ ಒಂದ ಜಾಗಾ ಬೇಕಾಗೈತಿ. ನಮ್ಮನಿ ಆಗಿ ಬರವಲ್ದು."

ಎಲ್ಲರೂ ನಕ್ಕರು. ಹಿಂದಿರುಗುವಾಗ ಮನೆಯೊಡತಿ ಕಿಟಕಿಯ ಹೊರಗೇ ನೋಡುತ್ತ ಬಂದರು. ಹಾನಗಲ್ಲು ಹತ್ತಿರವಾದಾಗ, "ಸೀಗಿ ಹುಣ್ಣಿಮಿಗೆ ನಮ್ಮ ತಮ್ಮನ ಹೊಲಕ್ಕ ಬರ್ರಿ. ಅದಾದ ಮ್ಯಾಲ ನಾ ಆಕಿನ್ನ ಕರಿಯಂಗಿಲ್ಲ" ಎಂದರು.

ನಾನು ಕೆಲಸಕ್ಕೆ ಸೇರಬೇಕಾದದ್ದು ಹುಣ್ಣಿಮೆಯ ಮರುದಿನ.

ತಮ್ಮನ ಹೊಲ ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನಿಂದಾಚೆ. ಅಬಲೂರಿನ ಗುಡಿಯ ಶಾಸನವನ್ನು ಓದಲು ಗಂಡ ಬಗ್ಗಿ ನಿಂತ. ಕಡುಬು ಆರುತ್ತದೆಂದು ಮನೆಯೊಡತಿ ಅವನನ್ನು ಹೊರಡಿಸಿದರು. ಹೊಲದಲ್ಲಿ ಬನ್ನಿಗಿಡದ ಕೆಳಗೆ ಸುಣ್ಣ ಬಳಿದ ಐದು ಕಲ್ಲುಗಳಿಗೆ ಪೂಜೆಯಾಯಿತು. ನಂತರ ಚರಗ. ಎಡೆಯ ಅಡುಗೆಯನ್ನು ಕಲಸಿ ಬೆಳೆಯ ನಡುವೆ ಭೂಮಿಗೆ ಚೆಲ್ಲುವುದಕ್ಕೆ ಹಾಗೆನ್ನುತ್ತಾರೆ. ಮುಂದೆ ಹೋಗುವವರು "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಚೆಲ್ಲಬೇಕು. ಹಿಂದಿನವರು ನೀರು ಚಿಮುಕಿಸಿ "ಚಳ್ಳಂಬರಿಗ್ಯೋ" ಎಂದು ಕೂಗಬೇಕು. ತಮ್ಮನಿಗೆ ಗಂಟಲು ಕಟ್ಟಿತ್ತು. ಮನೆಯೊಡತಿ ತಾವೇ ಬುಟ್ಟಿ ಎತ್ತಿಕೊಂಡು, ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಕೂಗಿದೆ. ಕೂಗಿದೆನೆಂದೇ ನನ್ನ ತಿಳುವಳಿಕೆ.

"ಯಾರಿಗೆ ಹೇಳಿದ್ರಿ?" ಮನೆಯೊಡತಿ ನಿಂತರು. "ನಾಳೆ ಕಾಲೇಜಿನ್ಯಾಗ ಹಿಂಗ ಪಾಠಾ ಮಾಡಿದ್ರ ಮುಂದಿನ ಬೆಂಚಿನವ್ರಿಗೂ ಕೇಳಂಗಿಲ್ಲ, ನೋಡ್ರಿ. ಜೋರ್ ಒದರ್ರಿ!"

ಎರಡನೆಯ ಸಲವೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಗಂಡನ ತೋಳಿನಿಂದ ಮಗಳು ಇಳಿದು ಬಂದು ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡಳು. ಅರ್ಧ ನೀರನ್ನು ತನ್ನ ಮೇಲೆಯೇ ಚೆಲ್ಲಿಕೊಂಡು, ಓಣಿಯ ಕೊನೆಯವರೆಗೂ ಕೇಳುತ್ತಿದ್ದ ಆ ದನಿಯಲ್ಲಿ ಕೂಗಿದಳು. ಪಕ್ಕದ ಹೊಲದವರು ಉಣ್ಣುವುದನ್ನು ನಿಲ್ಲಿಸಿ ನೋಡಿದರು.

ಮನೆಯೊಡತಿ ತಿರುಗಿ ನೋಡಲಿಲ್ಲ, ಶಹಬ್ಬಾಸ್ ಎನ್ನಲಿಲ್ಲ. ಮುಂದಕ್ಕೆ ನಡೆದು, ಇನ್ನೊಂದು ಹಿಡಿ ಚೆಲ್ಲಿ, ಇನ್ನೂ ಗಟ್ಟಿಯಾಗಿ ಕೂಗಿದರು. ಮಗಳು ಅವರ ಸೀರೆಯ ಅಂಚು ಹಿಡಿದು ಉತ್ತರ ಕೊಡುತ್ತ ಹೊರಟಳು. ಗೋವಿನಜೋಳ ಇಬ್ಬರಿಗಿಂತಲೂ ಎತ್ತರವಿತ್ತು. ಸ್ವಲ್ಪ ಹೊತ್ತು ಎರಡು ದನಿಗಳು ಮಾತ್ರ ಹೊಲ ಸುತ್ತುತ್ತಿದ್ದವು.

"ಯೋಜನೆ ಫಲಿಸಿತು" ಎಂದ ಗಂಡ. ನಾನು ಕಡುಬು ತಿಂದೆ.

ಮರುದಿನ ಬೆಳಿಗ್ಗೆ ಮಗಳನ್ನು ಕೆಳಗಿನ ಮನೆಗೆ ಕರೆದುಕೊಂಡು ಹೋದೆ. ಅವಳು ಹೊಸ್ತಿಲು ದಾಟಿ ಒಳಗೆ ಹೋದಳು. ಬರುತ್ತೇನೆ ಎಂದೆ. ಅವಳು ಆಗಲೇ ಅಡುಗೆಮನೆ ಸೇರಿದ್ದಳು. ನಾನು ಓಣಿಯ ತಿರುವಿನವರೆಗೆ ಹೋಗಿ, ಅಳು ಕೇಳಿಸಿದರೆ ಹಿಂದಿರುಗಲು ಅನುಕೂಲವಾಗಲೆಂದು ನಿಂತೆ. ಕೇಳಿಸಲಿಲ್ಲ. ಇನ್ನಷ್ಟು ಹೊತ್ತು ನಿಂತೆ. ಕಸ ಚೆಲ್ಲಲು ಹೊರಬಂದ ಮನೆಯೊಡತಿ ನನ್ನನ್ನು ನೋಡಿದರು.

"ಇನ್ನೂ ಇಲ್ಲೇ ಅದೀರೇನ್ರಿ? ಆಕಿ ಅವಲಕ್ಕಿ ತಿನ್ನಾಕತ್ತಾಳ. ನೀವ್ಯಾಕ ನಿಂತೀರಿ?"

ಬಸ್ಸಿಗೆ ಕಾಯುತ್ತಿದ್ದೇನೆ ಎಂದೆ. ನಮ್ಮ ಓಣಿಗೆ ಬಸ್ಸು ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

"ಹೌದ್ರಿ, ಬರ್ತೈತಿ, ನಿಂದರ್ರಿ" ಎಂದು ಹೇಳಿ ಅವರು ಒಳಗೆ ಹೋದರು.