ಕ್ರಾಮಂಡ್ ದ್ವೀಪದಲ್ಲಿ ರೆಜಿನಾ

ರೆಜಿನಾ ಅಬುಧಾಬಿಯ ಬನಿಯಾಸ್‌ನ ಅರಬ್ಬರ ಮನೆಯೊಂದಕ್ಕೆ ಹೋಮ್ ನರ್ಸ್ ಆಗಿ ಬಂದಾಗ ಮಗಳು ಪರ್ಲ್‌ಗೆ ಇನ್ನೂ ಎಲ್‌ಕೆಜಿ. ಈಗ ಪರ್ಲ್ ಶಿರ್ವದಲ್ಲಿ ಅಜ್ಜಿಯ ಜೊತೆಗಿದ್ದು ಕಾಲೇಜಿಗೆ ಹೋಗುತ್ತಾಳೆ. ಇಷ್ಟು ವರ್ಷಗಳಲ್ಲಿ ರೆಜಿನಾ ಅಲ್ಲಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಇಗರ್ಜಿಗೆ ಬಿಡುತ್ತಿದ್ದವನೂ ವಾಪಸ್ ಕರೆತರುತ್ತಿದ್ದವನೂ ಮನೆಯ ಡ್ರೈವರ್. ದುಬೈಯ ಜೆಬೆಲ್ ಅಲಿಯ ಗೋದಾಮಿನಲ್ಲಿ ದುಡಿಯುವ ಗಂಡ ಲಿಯೋ ಬಿಡುವಾದಾಗ ಬಂದು ನೋಡಿಕೊಂಡು ಹೋಗುತ್ತಿದ್ದ. ಪೊಲೀಸ್ ಕಾರು ಪಕ್ಕದಲ್ಲಿ ಸುಮ್ಮನೆ ಹಾದುಹೋದರೂ ಸಾಕು, ಅವಳ ಕೈ ತಾನಾಗಿ ಬ್ಯಾಗಿನಲ್ಲಿದ್ದ ಐಡಿ ಕಾರ್ಡನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ಶಮ್ಮಾರನ್ನು ಮನೆಯವರೆಲ್ಲ ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದರು, ರೆಜಿನಾಳೂ ಹಾಗೇ ಕರೆಯುತ್ತಿದ್ದಳು. ಆ ಬೇಸಿಗೆಯಲ್ಲಿ ಮಾಮಾರಿಗೆ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಕಣ್ಣಿನ ಆಪರೇಶನ್ ಆಯಿತು. ಜೊತೆಗೆ ಹೋಗಿದ್ದ ರೆಜಿನಾಳಿಗೆ ಒಂದು ಭಾನುವಾರ, ಅವಳು ಮೇಡಮ್ ಎನ್ನುತ್ತಿದ್ದ ಮಾಮಾರ ಮಗಳು ತಾನಾಗಿ ರಜೆ ಕೊಟ್ಟಳು.

"ಯಲ್ಲಾ, ಹೊರಡು, ಊರು ನೋಡಿ ಬಾ. ಸಂಜೆ ಮಾಮಾರ ಇಂಜೆಕ್ಷನ್‌ಗೆ ಮಾತ್ರ ಬಂದುಬಿಡು."

ಹೋಟೆಲಿನವರು ಹೇಳಿದ ಬಸ್ಸು ಹತ್ತಿ ಅವಳು ಊರಿನ ಅಂಚಿನ ಕ್ರಾಮಂಡ್‌ಗೆ ಹೋದಳು. ರೋಮನ್ನರು ಕಟ್ಟಿದ ಕೋಟೆಯ ಅಡಿಪಾಯ, ಹಳೆಯ ಇಗರ್ಜಿ, ಹೊಳೆ ಕಡಲಿಗೆ ಸೇರುವಲ್ಲಿ ಸುಣ್ಣ ಬಳಿದ ಮನೆಗಳು. ಅಲ್ಲಿಂದ ಒಂದು ಕಲ್ಲುಹಾಸಿನ ದಾರಿ ಕೆಸರಿನ ಮೇಲೆ ಹಾದು ನೇರ ದ್ವೀಪಕ್ಕೆ ಹೋಗಿತ್ತು. ಜನ ನಾಯಿಗಳ ಜೊತೆ ಹೋಗಿ ಬರುತ್ತಿದ್ದರು. ದಾರಿಯ ಬಾಯಲ್ಲಿದ್ದ ದೊಡ್ಡ ಬೋರ್ಡಿನ ಮುಂದೆ ನಿಂತು ಸೆಲ್ಫಿ ತೆಗೆದು ಪರ್ಲ್‌ಗೆ ಕಳಿಸಿದಳು. ಅದರಲ್ಲಿ ಬರೆದಿದ್ದ ಉಬ್ಬರ ಇಳಿತದ ಹೊತ್ತನ್ನು ಓದಲಿಲ್ಲ.

ದ್ವೀಪದಲ್ಲಿ ಯುದ್ಧಕಾಲದ ಪಾಳುಗೋಡೆಗಳಿದ್ದವು. ಗಾಳಿಗೆ ಬೆನ್ನು ಕೊಟ್ಟು ಕೂತು, ಕಟ್ಟಿಕೊಂಡು ಬಂದಿದ್ದ ಬ್ರೆಡ್ಡು ಮೊಟ್ಟೆ ತಿಂದಳು. ಯಾರೂ ಕರೆಯಲಿಲ್ಲ, ಯಾರ ಮಾತ್ರೆಯ ಹೊತ್ತೂ ಆಗಲಿಲ್ಲ. ಹುಲ್ಲಿನ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು.

ಎದ್ದಾಗ ಸುತ್ತ ನರಪಿಳ್ಳೆಯೂ ಇರಲಿಲ್ಲ. ಓಡಿ ಇಳಿದು ನೋಡಿದರೆ ದಾರಿಯ ನಡುಭಾಗವೇ ಇಲ್ಲ, ಬೂದು ಬಣ್ಣದ ನೀರು ಅಡ್ಡ ಹರಿಯುತ್ತಿತ್ತು. ಸ್ವಲ್ಪವೇ ಇರಬೇಕೆಂದು ಇಳಿದಳು. ನಾಲ್ಕು ಹೆಜ್ಜೆಗೆ ನೀರು ಮೊಣಕಾಲು ದಾಟಿತು. ಚಳಿಗೆ ಕಾಲು ತನ್ನದಲ್ಲ ಎನ್ನಿಸಿತು. ಕೆಳಗಿನ ಸೆಳೆತಕ್ಕೆ ಪಾದ ಜಾರಿತು. ದಾರಿಯ ಬದಿಯ ಕಾಂಕ್ರೀಟ್ ಕಂಬವನ್ನು ತಬ್ಬಿ ಹಿಡಿದುಕೊಂಡಳು. ಪಾಚಿಗೆ ಕೈಯೂ ನಿಲ್ಲಲಿಲ್ಲ. ಅವಳಿಗೆ ಈಜು ಬಾರದು. "ಜೆಜು, ಜೆಜು" ಎಂದು ಯೇಸುವನ್ನು ಕರೆಯುತ್ತಾ ಹೇಗೋ ತಿರುಗಿ ದಡಕ್ಕೆ ತೆವಳಿದಳು.

ಲಿಯೋಗೆ ಫೋನ್ ಒತ್ತಿದಳು.

"ಎಂತ, ಊರು ನೋಡಿ ಆಯ್ತಾ?"

"ಲಿಯೋ, ಸುತ್ತ ನೀರು ಬಂದಿದೆ. ದ್ವೀಪದಲ್ಲಿ ನಾನೊಬ್ಬಳೇ."

ಲಿಯೋ ಫೋರ್ಕ್‌ಲಿಫ್ಟಿನ ಸದ್ದಿನಿಂದ ಆಚೆ ಬಂದ. ಆಮೇಲೆ ಅವನೆಂದ: "ನೀರಿಗೆ ಇಳೀಬೇಡ ಮಾರಾಯ್ತಿ. ಪೊಲೀಸಿಗೆ ಫೋನ್ ಮಾಡು."

"ಪೊಲೀಸಿಗಾ? ನಿನಗೆ ಮರ್ಲಾ, ತಲೆ ಸರಿ ಉಂಟಾ? ಪಾಸ್‌ಪೋರ್ಟ್ ಮೇಡಮ್ ಹತ್ರ ಉಂಟು. ಹಿಡ್ಕೊಂಡು ಹೋದ್ರೆ? ವೀಸಾ ಕ್ಯಾನ್ಸಲ್ ಆದ್ರೆ ಖಲಾಸ್!"

"ನೀನೇ ಹೋದ್ರೆ ನನಗೆ ವೀಸಾ ಎಂತಕ್ಕೆ?" ಲಿಯೋ ಕಿರುಚಿದ. ಇಷ್ಟು ವರ್ಷಗಳಲ್ಲಿ ಅವಳ ಮೇಲೆ ದನಿ ಏರಿಸದವನು. "ಈಗಲೇ ಮಾಡು, ರೆಜಿನಾ. ಪ್ಲೀಸ್."

ನೀರಿಗಿಂತ ಆ ಒಂದು ಕರೆಗೇ ಅವಳು ಹೆಚ್ಚು ಹೆದರಿದ್ದಳು. ಆದರೂ ಮಾಡಿದಳು. ಫೋನ್ ಎತ್ತಿದ ಹೆಂಗಸು ಹೆಸರು ಕೇಳಿ, ಮೇಲೆ ಹತ್ತಿ ಕೂರಲು ಹೇಳಿದಳು. ಐಡಿ ಕೇಳಲಿಲ್ಲ. ರೆಜಿನಾ ಮುದುಡಿ ಕೂತು, ಬರುವುದು ಸಹಾಯವೋ ಬೇಡಿಯೋ ತಿಳಿಯದೆ ಕಡಲನ್ನೇ ನೋಡಿದಳು.

ಕೊನೆಗೆ ರಕ್ಷಣೆಯ ದೋಣಿ ಬಂತು. ಗಡ್ಡದವನೊಬ್ಬ ಅವಳನ್ನು ಎತ್ತಿ ಕೂರಿಸಿ ಕಂಬಳಿ ಹೊದಿಸಿದ.

"ಸರ್, ಫೈನ್?" ಎಂದು ಕೇಳಿದಳು, ದಂಡ ಎಷ್ಟು ಬೀಳುತ್ತದೋ ಎಂಬ ಭಯದಲ್ಲಿ.

"ಯೆಸ್, ಯೆಸ್, ಯು ಆರ್ ಫೈನ್," ಎಂದು ಅವನು ನಕ್ಕ.

ದಂಡ ಖಂಡಿತ ಎಂದುಕೊಂಡ ರೆಜಿನಾ ಅಳತೊಡಗಿದಳು.

ದಡದಲ್ಲಿ ಯಾರೂ ದಂಡ ಕೇಳಲಿಲ್ಲ, ಹಾಗೇ ಬಿಟ್ಟರು. ಸಂಜೆ ಹೊತ್ತಿಗೆ ಸರಿಯಾಗಿ ಹೋಟೆಲಿಗೆ ಮುಟ್ಟಿ, ಬಟ್ಟೆ ಬದಲಿಸಿ, ಸಿರಿಂಜ್ ಹಿಡಿದಳು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಮಾಮಾ ಅವಳ ಕೈ ಮುಟ್ಟಿ, "ಇಷ್ಟು ತಣ್ಣಗೆ?" ಎಂದರು.

"ಹೊರಗೆ ಚಳಿ, ಮಾಮಾ."

ಬನಿಯಾಸ್‌ಗೆ ಮರಳಿದ ಮೇಲೂ ದಂಡ ಹಿಂದಿನಿಂದ ಬಂದೀತೆಂಬ ಹೆದರಿಕೆ ಬಿಡಲಿಲ್ಲ. ಗೇಟಿನ ಬೆಲ್ ಹೊಡೆದರೆ ಪೊಲೀಸರೇ ಬಂದರೆಂದು ಕಿಟಕಿಯಿಂದ ಇಣುಕುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಹೇಳಿಬಿಡು ಎಂದು ಲಿಯೋ ಪ್ರತಿ ಫೋನಿನಲ್ಲೂ ಒತ್ತಾಯಿಸುತ್ತಿದ್ದ. ಒಂದು ಮಧ್ಯಾಹ್ನ ಮಾಮಾರ ತಲೆ ಬಾಚುವಾಗ, ತನಗೆ ಬರುವ ಹರಕು ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದಳು. ಅವರ ಮುಖ ಕಾಣದಂತೆ ಬೆನ್ನ ಹಿಂದೆಯೇ ನಿಂತಿದ್ದಳು.

ಮಾಮಾ ತಿರುಗಿದರು. ಈಗ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಗಂಡನಿಗೆ ಮಾಡಿದೆ. ಪೊಲೀಸಿಗೆ ಮಾಡಿದೆ. ನಮ್ಮ ನಂಬರ್ ಇರಲಿಲ್ವಾ ನಿನ್ನ ಹತ್ತಿರ?"

ಇತ್ತು. ಆ ದಡದಲ್ಲಿ ಕೂತು ಯಾರ್ಯಾರನ್ನೋ ನೆನೆದಿದ್ದಳು, ಸಂತ ಅಂತೋನಿಯನ್ನೂ ಬಿಟ್ಟಿರಲಿಲ್ಲ. ಅದೇ ಊರಿನಲ್ಲಿ, ಒಂದು ಬಸ್ಸಿನ ದೂರದಲ್ಲಿದ್ದ ಇವರನ್ನು ಕರೆಯಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಮಾಮಾ ಅವಳ ಕೈಯಿಂದ ಬಾಚಣಿಗೆ ಕಿತ್ತು ಮಂಚದ ಮೇಲಿಟ್ಟು, ತಮ್ಮ ಪಕ್ಕದಲ್ಲಿ ಕುಳಿತುಕೋ ಎಂದು ಸನ್ನೆ ಮಾಡಿದರು.