ಗುಜರಿಗೆ ಹೊರಟ ಲಾರಿಗೆ ಯಾವ ಆಯಿಲ್?

ಇದರಲ್ಲಿ ಒಂದೊಂದು ಮಾತೂ ಸತ್ಯ. ಬೇಕಾದರೆ ನನ್ನ ಲಾರಿಯ ಸ್ಟೇರಿಂಗ್ ಮುಟ್ಟಿ ಆಣೆ ಹಾಕುತ್ತಿದ್ದೆ, ಆದರೆ ಲಾರಿ ಈಗ ಇಲ್ಲ. ನೆಕ್ರಾಜೆಯ ಕೆಂಪುಕಲ್ಲು ಹೊತ್ತು ಅದು ಹತ್ತದ ಗುಡ್ಡ ನಮ್ಮ ಜಿಲ್ಲೆಯಲ್ಲಿಲ್ಲ. ದೇಲಂಪಾಡಿಯ ಏರಿನಲ್ಲಿ ಅದರ ಸದ್ದು ಕೇಳಿ ಕಾಡಾನೆಯೊಂದು ಬದಿಗೆ ಸರಿದು ಸೊಂಡಿಲಲ್ಲಿ ಸಲಾಂ ಹೊಡೆದದ್ದುಂಟು.

ಇನ್ನು ಅದಕ್ಕೆ ಫಿಟ್ನೆಸ್ ಸರ್ಟಿಫಿಕೇಟ್ ಸಿಗುವುದಿಲ್ಲ ಎಂದು ಖಚಿತವಾದ ಮೇಲೆ ಶಿರಿಯದ ಆಯಿಲ್ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಗುರುತಿಲ್ಲದ ಕೊಂಕಣಿ ಬಾಯಮ್ಮ ಒಬ್ಬರು ಕೂತಿದ್ದರು.

“ಹಳೇ ಡೀಸೆಲ್ ಲಾರಿಗೆ ಒಳ್ಳೆಯ ಸಿಂಥೆಟಿಕ್ ಆಯಿಲ್ ಕೊಡಿ.”

“ಹಳೇದಕ್ಕೆ ಅದು ಬೇಡ ಮಾರಾಯ್ರೆ. ಒಳಗಿನ ಮಡ್ಡಿ ತೊಳೆದುಹೋದ್ರೆ ಸೀಲು ಸೋರ್ತದೆ. ಸಾದಾದ್ದೇ ಸಾಕು. ಇನ್ನೆಷ್ಟು ವರ್ಷ ಓಡಿಸ್ಲಿಕ್ಕುಂಟು?”

“ನಾಳೆ ಗುಜರಿಗೆ.”

“ಮತ್ತೆ ಆಯಿಲ್ ಎಂತಕ್ಕೆ?”

“ಹೊಟ್ಟೆಯಲ್ಲಿ ಕಪ್ಪು ಎಣ್ಣೆ ಇಟ್ಟು ಹೇಗೆ ಕಳಿಸುವುದು? ಒಮ್ಮೆಯಾದರೂ ದುಬಾರಿಯದ್ದು ಕುಡಿಯಲಿ.”

ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. ಸಾದಾ ಆಯಿಲಿನ ಕ್ಯಾನನ್ನೇ ಇಳಿಸಿ ನನ್ನ ಮುಂದಿಟ್ಟರು.

“ನಮ್ಮ ಅಪ್ಪ ಹೋಗುವಾಗ ಜ್ಯೂಸ್ ಕೊಟ್ರೆ ಮುಖ ತಿರುಗಿಸಿದ್ರು. ಗಂಜಿತೆಳಿ ಕೊಟ್ಟಾಗ ಕುಡಿದ್ರು. ಕೊನೆಗೆ ಅಭ್ಯಾಸದ್ದೇ ಕೊಡ್ಬೇಕು.”

ಮನೆಯಂಗಳದಲ್ಲಿ ನಾನೇ ಹಳೆಯದನ್ನು ಇಳಿಸಿ ಆ ಸಾದಾ ಆಯಿಲನ್ನೇ ಹೊಯ್ದೆ. ಮರುದಿನ ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಇಷ್ಟು ವರ್ಷದಲ್ಲಿ ಅದು ಅಷ್ಟು ಮೆತ್ತಗೆ ಓಡಿದ್ದಿಲ್ಲ. ಗುಜರಿಯ ಗೇಟಿನವರೆಗೂ ನಾನು ಜೋರಾಗಿ ಹಾಡುತ್ತಾ ಹೋದೆ.

ಇಷ್ಟು ಹೇಳಿದ್ದರಲ್ಲಿ ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿ ಹೇಳಿದ್ದು. ಆನೆಯದ್ದಲ್ಲ. ನಾನು ಹಾಡಲಿಲ್ಲ.